ಗಲಭೆಯಲ್ಲಿ ಅಪ್ಪ ಸತ್ತ ಮನೆ: ಯಾವ ಹಣ ಹಕ್ಕು, ಯಾವ ಹಣ ಕೃಪೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸು ಬಡಿದು 38 ವರ್ಷದ ಮೇಸ್ತ್ರಿಯೊಬ್ಬ ತೀರಿಕೊಂಡ ಎಂದಿಟ್ಟುಕೊಳ್ಳಿ. ತಪ್ಪು ಬಸ್ಸಿನದ್ದು. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ದಿನಕ್ಕೆ ಸಾವಿರ ರೂಪಾಯಿ ಕೂಲಿ, ಮಳೆ ಕಳೆದು ಉಳಿದ ದಿನಗಳನ್ನು ಸರಾಸರಿ ಮಾಡಿದರೆ ತಿಂಗಳಿಗೆ 20,000. ವಾಹನ ಅಪಘಾತದ ಪರಿಹಾರಕ್ಕೆ ಸುಪ್ರೀಂ ಕೋರ್ಟು 2009ರಲ್ಲೂ 2017ರಲ್ಲೂ ಲೆಕ್ಕ ಹಾಕುವ ದಾರಿಯನ್ನು ಖಚಿತಗೊಳಿಸಿದೆ. ನಲವತ್ತರೊಳಗಿನ ಸ್ವಂತ ದುಡಿಮೆಯವನಾದ್ದರಿಂದ ಮುಂದೆ ಆದಾಯ ಹೆಚ್ಚುತ್ತಿತ್ತೆಂದು ಶೇ. 40 ಸೇರಿಸುತ್ತಾರೆ, ತಿಂಗಳಿಗೆ 28,000 ಆಯಿತು. ವರ್ಷಕ್ಕೆ 3,36,000. ನಾಲ್ವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ, 2,52,000 ಉಳಿಯಿತು. 36ರಿಂದ 40ರ ವಯಸ್ಸಿಗೆ 15ರಿಂದ ಗುಣಿಸಬೇಕು. ಬಂದದ್ದು 37,80,000 ರೂಪಾಯಿ. ಅದರ ಮೇಲೆ ಅಂತ್ಯಕ್ರಿಯೆ ಖರ್ಚು, ಬಡ್ಡಿ ಬೇರೆ.

ಈಗ ಅದೇ ಮನುಷ್ಯ, ಅದೇ ಮನೆ. ಬಸ್ಸಿನ ಬದಲು ಒಂದು ರಾತ್ರಿ ಬೈಕಿನಲ್ಲಿ ಮನೆಗೆ ಬರುವಾಗ ಯಾರೋ ತಡೆದು, ಹೆಸರು ಕೇಳಿ, ಕಡಿದು ಹಾಕಿದರು. ಹಿಂದಿನ ದಿನ ಎಲ್ಲೋ ಬಾವುಟದ ವಿಷಯಕ್ಕೆ ಜಗಳವಾಗಿತ್ತು, ಅದಕ್ಕೂ ಇವನಿಗೂ ಸಂಬಂಧವೇ ಇಲ್ಲ. ಕೋಮು ಹಿಂಸೆಯಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆಂದು ಕೇಂದ್ರ ಗೃಹ ಸಚಿವಾಲಯದ ಒಂದು ಯೋಜನೆ 2008ರಿಂದ ಇದೆ. ಮೊದಲು 3 ಲಕ್ಷ ಕೊಡುತ್ತಿದ್ದರು, 2016ರ ಆಗಸ್ಟ್‌ನಿಂದ 5 ಲಕ್ಷ. ಲೆಕ್ಕ ಅಲ್ಲಿಗೆ ಮುಗಿಯಿತು. ಸತ್ತವನ ವಯಸ್ಸೆಷ್ಟು, ಕೂಲಿ ಎಷ್ಟು, ಮಕ್ಕಳೆಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಈ ಅಂತರ ಏಕೆ? ರಸ್ತೆಗೆ ಇಳಿಯುವ ಪ್ರತಿಯೊಂದು ವಾಹನಕ್ಕೂ ವಿಮೆ ಕಡ್ಡಾಯ. ಎಲ್ಲ ವಾಹನದವರೂ ವರ್ಷ ವರ್ಷ ಕಟ್ಟಿದ ಹಣ ಒಂದು ಕಡೆ ಸೇರಿರುತ್ತದೆ, ಸಂತ್ರಸ್ತರ ಮನೆಗೆ ಹೋಗುವುದು ಅದೇ. ಕೊಲ್ಲುವವನಿಗೆ ಅಂಥ ವಿಮೆಯಿಲ್ಲ. 1855ರ ಒಂದು ಹಳೆಯ ಕಾನೂನಿನ ಪ್ರಕಾರ ಕೊಂದವರ ಮೇಲೆ ಎರಡು ವರ್ಷದೊಳಗೆ ನಷ್ಟ ಪರಿಹಾರದ ದಾವೆ ಹೂಡಬಹುದು, ಸರಿ. ಆದರೆ ಕತ್ತಿ ಹಿಡಿದು ಬಂದವನು ಸಾಮಾನ್ಯವಾಗಿ ಕೈಯಲ್ಲಿ ಮೊಬೈಲು, ಕಂತಿನ ಬೈಕು ಬಿಟ್ಟರೆ ಬೇರೇನೂ ಇಲ್ಲದ ಇಪ್ಪತ್ತೆರಡರ ಹುಡುಗ. ಡಿಕ್ರಿ ಆದರೂ ವಸೂಲಿ ಮಾಡುವುದು ಯಾರಿಂದ? ಅವನನ್ನು ಕಳಿಸಿದವರ ಹೆಸರು ದಾವೆಯಲ್ಲಿ ಬರುವುದಿಲ್ಲ.

ಹಾಗಾದರೆ ಸರಕಾರವೇ ಕೊಡಬೇಕು. ಇಲ್ಲಿಂದ ಎರಡು ಬಗೆಯ ಹಣ ಬೇರೆ ಬೇರೆಯಾಗುತ್ತದೆ. ಒಂದು ಕಾನೂನಿನಲ್ಲಿ ಬರೆದಿಟ್ಟದ್ದು, ಕೇಳಿದರೆ ಕೊಡಲೇಬೇಕಾದದ್ದು. ಇನ್ನೊಂದು ಮಂತ್ರಿಗಳು ಮನೆಗೆ ಬಂದು ಘೋಷಿಸುವಂಥದ್ದು. ಮನೆಯವರಿಗೆ ಆ ಹೊತ್ತಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವರ್ಷ ಕಳೆದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ.

ಘೋಷಣೆಯ ಹಣದ ಕಥೆಗೆ ದೂರ ಹೋಗಬೇಕಿಲ್ಲ, ಕರ್ನಾಟಕದ ಗಡಿಯ ತಲಪಾಡಿ ದಾಟಿದರೆ ಸಾಕು. 2022ರ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳೊಳಗೆ ಮೂವರು ಯುವಕರ ಮೇಲೆ ದಾಳಿಯಾಗಿ ಮೂವರೂ ಸತ್ತರು. ಅವರಲ್ಲೊಬ್ಬ ಮೂಲತಃ ಕಾಸರಗೋಡಿನವನು. ಆಗಿನ ಸರಕಾರ ಒಂದು ಮನೆಗೆ 25 ಲಕ್ಷ ಕೊಟ್ಟಿತು, ಸತ್ತವರ ಪತ್ನಿಗೆ ಗುತ್ತಿಗೆಯ ಕೆಲಸವನ್ನೂ ಕೊಟ್ಟಿತು. ಉಳಿದೆರಡು ಮನೆಗಳಿಗೆ ಅದು ಸಿಗಲಿಲ್ಲ. 2023ರ ಮೇಯಲ್ಲಿ ಸರಕಾರ ಬದಲಾಯಿತು. ಜೂನ್‌ನಲ್ಲಿ ಆ ಎರಡು ಮನೆಗಳಿಗೂ 25 ಲಕ್ಷದ ಚೆಕ್ಕು ಬಂತು. ಈ ನಡುವೆ ಮೊದಲ ಮನೆಯ ಹೆಣ್ಣುಮಗಳ ಗುತ್ತಿಗೆ ಕೆಲಸ ಹೋಗಿಬಿಟ್ಟಿತು, ಟೀಕೆ ಬಂದ ಮೇಲೆ ಮರಳಿ ಕೊಡುವುದಾಗಿ ಹೇಳಿದರು. ಯಾರು ಸತ್ತರು, ಆಗ ಯಾರು ಆಳುತ್ತಿದ್ದರು ಎಂಬುದರ ಮೇಲೆ ನಿಂತ ಹಣ ಇದು. ಯಾವ ಪಕ್ಷದ ಅಭಿಮಾನಿಯಾದರೂ ಇದನ್ನು ನ್ಯಾಯ ಎನ್ನಲಾರ.

ದೇಶದಲ್ಲಿ ಬೇರೆ ಕಡೆಯೂ ಹೀಗೇ ನಡೆದಿದೆ. 1984ರ ದೆಹಲಿ ಹತ್ಯಾಕಾಂಡದಲ್ಲಿ ಸತ್ತವರಿಗೆ ಮೊದಲು ನಿಗದಿಯಾದದ್ದು 10,000 ರೂಪಾಯಿ, ಆಮೇಲೆ 20,000. 1996ರಲ್ಲಿ ದೆಹಲಿ ಹೈಕೋರ್ಟು ಅದು ಸಾಲದೆಂದು ಮೂರೂವರೆ ಲಕ್ಷಕ್ಕೆ ಏರಿಸಿತು. 2006ರಲ್ಲಿ ಇನ್ನೊಂದು ಪ್ಯಾಕೇಜು, 2014ರ ಕೊನೆಗೆ ಮತ್ತೆ 5 ಲಕ್ಷ. ಅಪ್ಪ ಸತ್ತಾಗ ತೊಟ್ಟಿಲಲ್ಲಿದ್ದ ಮಗುವಿಗೆ ಆ ಹೊತ್ತಿಗೆ ಮೂವತ್ತು ದಾಟಿತ್ತು. 2023ರಲ್ಲಿ ಮಣಿಪುರದ ಜನಾಂಗೀಯ ಹಿಂಸೆಯಲ್ಲಿ ಸತ್ತವರಿಗೆ ಕೇಂದ್ರ, ರಾಜ್ಯ ಅರ್ಧರ್ಧ ಹಾಕಿ 10 ಲಕ್ಷ, ಮನೆಗೊಂದು ಕೆಲಸ ಎಂದು ಘೋಷಣೆಯಾಯಿತು. ಪ್ರತಿ ಗಲಭೆಗೂ ಹೊಸ ದರ. ಕೋಮು ಹಿಂಸೆಯ ಸಂತ್ರಸ್ತರಿಗೆ ಪರಿಹಾರವನ್ನು ಹಕ್ಕಾಗಿಸುವ ಮಸೂದೆಯೊಂದನ್ನು 2011ರಲ್ಲಿ ರೂಪಿಸಿದ್ದರು, 2014ರ ಫೆಬ್ರವರಿಯಲ್ಲಿ ರಾಜ್ಯಸಭೆಯ ಬಾಗಿಲಲ್ಲೇ ಅದು ನಿಂತುಹೋಯಿತು. ಮಸೂದೆಯಲ್ಲಿ ಬೇರೆ ತಕರಾರುಗಳಿದ್ದವು, ಒಪ್ಪೋಣ. ಪರಿಹಾರದ ಭಾಗವನ್ನಾದರೂ ಎತ್ತಿ ಉಳಿಸಿಕೊಳ್ಳಬಹುದಿತ್ತು.

ಕಾನೂನು ಹೀಗೆ ಕುರುಡಾಗಿರಲೇಬೇಕು ಎಂದೇನಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳನ್ನು ನೋಡಿ. 2016ರ ತಿದ್ದುಪಡಿಯಂತೆ ಕೊಲೆಯಾದರೆ 8,25,000 ರೂಪಾಯಿ. ಅರ್ಧ ಪೋಸ್ಟ್‌ಮಾರ್ಟಂ ಆದ ಕೂಡಲೇ, ಉಳಿದರ್ಧ ದೋಷಾರೋಪ ಪಟ್ಟಿ ಕೋರ್ಟಿಗೆ ಹೋದಾಗ. ಅದರ ಮೇಲೆ ವಿಧವೆಗೆ ತಿಂಗಳಿಗೆ 5,000 ಮೂಲ ಪಿಂಚಣಿ, ತುಟ್ಟಿಭತ್ಯೆ ಸೇರಿ. ಮನೆಯಲ್ಲೊಬ್ಬರಿಗೆ ಉದ್ಯೋಗ, ಮಕ್ಕಳಿಗೆ ಪದವಿಯವರೆಗಿನ ಓದಿನ ಖರ್ಚು. ದುಡಿಯುವವನು ಹೋದ ಮನೆಗೆ ಏನೇನು ಬೇಕಾಗುತ್ತದೆಂದು ಕುಳಿತು ಯೋಚಿಸಿದವರು ಬರೆದ ನಿಯಮ ಇದು. ಕಾಸರಗೋಡಿನ ಮೊಗೇರರೋ ಕೊರಗರೋ ಪರಿಶಿಷ್ಟರಲ್ಲದವರಿಂದ ಕೊಲೆಯಾದರೆ ಕೋಮು ಯೋಜನೆಗಿಂತ ಮೊದಲು ಇದನ್ನು ಕೇಳಬೇಕು. ಎಫ್‌ಐಆರಿನಲ್ಲಿ ಆ ಕಾಯ್ದೆಯ ಕಲಮು ಬಿದ್ದಿದೆಯೇ ಎಂದು ಮೊದಲ ವಾರದಲ್ಲೇ ನೋಡಬೇಕು.

ಕೋಮು ಕೊಲೆಯಲ್ಲೂ ಕಾರಣ ಏನೆಂದು ದಾಖಲಾಗಿದೆ ಎಂಬುದೇ ಮುಖ್ಯ. 'ಹಳೆ ದ್ವೇಷ' ಎಂದಾದರೆ ಅದು ಬರೀ ಕೊಲೆ, ಕೇಂದ್ರದ 5 ಲಕ್ಷ ಇಲ್ಲ. ಜಾತಿ, ಸಮುದಾಯ, ಭಾಷೆ, ಹುಟ್ಟಿದ ಊರು ಇಂಥ ಕಾರಣಕ್ಕೆ ಐವರು ಅಥವಾ ಹೆಚ್ಚು ಮಂದಿ ಸೇರಿ ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನ ಎರಡನೇ ಉಪಕಲಮು ಬೀಳಬೇಕು, ಅದು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಊರಲ್ಲಿ ಗಲಾಟೆ ಹಬ್ಬದಿರಲಿ ಎಂದು ಪೊಲೀಸರು ವೈಯಕ್ತಿಕ ವೈಷಮ್ಯವೆಂದು ಬರೆದುಕೊಳ್ಳುವುದು ಉಂಟು, ಅವರ ದೃಷ್ಟಿಯಿಂದ ಅದಕ್ಕೆ ಅರ್ಥವೂ ಇದೆ. ಆದರೆ ಅದರ ನಷ್ಟ ಹೊರುವುದು ಮನೆಯವರು. ಹೇಳಿಕೆಯನ್ನು ಓದಿ ಹೇಳಿಸಿಕೊಂಡೇ ಸಹಿ ಹಾಕಬೇಕೆನ್ನುವುದು ಇದಕ್ಕೇ. ಕಾಸರಗೋಡಿನಲ್ಲಿ ಈ ಮಾತಿಗೆ ಇನ್ನೂ ತೂಕವಿದೆ: ಠಾಣೆಯಲ್ಲಿ ಬರೆಯುವುದು ಮಲಯಾಳದಲ್ಲಿ, ಪೈವಳಿಕೆಯಲ್ಲೋ ಪೆರ್ಲದಲ್ಲೋ ಕನ್ನಡ ಶಾಲೆಯಲ್ಲಿ ಓದಿದ ಹೆಂಗಸಿಗೆ ಗಂಡನ ಕೇಸಿನ ಕಾಗದ ಓದಲು ಬರುವುದಿಲ್ಲ. ಎಫ್‌ಐಆರಿನ ಪ್ರತಿ ಉಚಿತವಾಗಿ ಕೇಳುವ ಹಕ್ಕು ಅವಳಿಗಿದೆ. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ತಿಳಿಸಬೇಕಾದದ್ದು ಪೊಲೀಸರ ಹೊಣೆ.

ಈಗ ಆ 5 ಲಕ್ಷದ ಒಳಗೆ ನೋಡೋಣ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಮಿತಿ ಒಪ್ಪಬೇಕು. ಮನೆಯಲ್ಲಿ ಯಾರಿಗಾದರೂ ಈ ಸಾವಿನ ಕಾರಣಕ್ಕೆ ಸರಕಾರಿ ಕೆಲಸ ಕೊಟ್ಟಿದ್ದರೆ ಹಣವಿಲ್ಲ. ಹಣ ಮಂಜೂರಾದರೂ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿ, ಬಡ್ಡಿ ಮಾತ್ರ ಖಾತೆಗೆ. ಶೇ. 6.5 ಬಡ್ಡಿ ಎಂದಿಟ್ಟುಕೊಂಡರೆ ವರ್ಷಕ್ಕೆ 32,500, ತಿಂಗಳಿಗೆ 2,708. ಇಪ್ಪತ್ತು ಸಾವಿರ ತರುತ್ತಿದ್ದವನ ಜಾಗದಲ್ಲಿ ಎರಡು ಸಾವಿರದ ಏಳುನೂರು. ಠೇವಣಿಯ ನಿಯಮ ಕೆಟ್ಟದ್ದೆಂದು ನಾನು ಹೇಳಲಾರೆ. ಸಾವಿನ ಮನೆಯಲ್ಲಿ ಹಣ ಕೈಗೆ ಬಂದರೆ ಭಾವಂದಿರಿಗೂ ಸಾಲಗಾರರಿಗೂ ಅದರ ವಾಸನೆ ಬೇಗ ಹೊಡೆಯುತ್ತದೆ. ಆದರೆ ಮೊದಲ ಆರು ತಿಂಗಳಿಗೆ ಮನೆ ನಡೆಯುವುದು ಹೇಗೆ ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ.

ಉತ್ತರ ಇರುವುದು ಇನ್ನೊಂದು ಕಡೆ, ಅಲ್ಲಿಗೆ ಹೋಗುವವರು ಕಡಿಮೆ. ಕಾಸರಗೋಡಿನ ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 357ಎ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಂತೆ ಅಪರಾಧಕ್ಕೆ ಬಲಿಯಾದವರ ಅವಲಂಬಿತರು ಅಲ್ಲಿ ಪರಿಹಾರ ಕೇಳಬಹುದು. ವಿಚಾರಣೆ ಎರಡು ತಿಂಗಳಲ್ಲಿ ಮುಗಿಸಬೇಕು, ಅದರ ನಡುವೆ ಮಧ್ಯಂತರ ನೆರವೂ ಕೊಡಬಹುದು. ಇಲ್ಲಿ ಕಾರಣ ಕೋಮು ದ್ವೇಷವೋ ಹಳೆ ಜಗಳವೋ ಎಂಬ ಪ್ರಶ್ನೆ ಬರುವುದೇ ಇಲ್ಲ. ಕೊಂದವರು ಸಿಗದಿದ್ದರೂ, ಗುರುತು ಹತ್ತದಿದ್ದರೂ ಅರ್ಜಿ ನಡೆಯುತ್ತದೆ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ.

ತೀರ್ಪು ಬರಲಿ ಎಂದು ಕಾಯುವುದು ಎಷ್ಟು ದುಬಾರಿ ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆಯಿದೆ. 2017ರ ಮಾರ್ಚ್‌ನಲ್ಲಿ ಕಾಸರಗೋಡು ಪೇಟೆಯ ಪಕ್ಕದ ಹಳೆ ಚೂರಿಯಲ್ಲಿ ಮದ್ರಸಾ ಅಧ್ಯಾಪಕರೊಬ್ಬರ ಕೊಲೆಯಾಯಿತು. ಆರೋಪಿಗಳಾಗಿ ಬಂಧಿತರಾದ ಮೂವರು ಏಳು ವರ್ಷ ಜಾಮೀನಿಲ್ಲದೆ ಜೈಲಿನಲ್ಲೇ ಇದ್ದರು. 2024ರ ಮಾರ್ಚ್ 30ರಂದು ಜಿಲ್ಲಾ ಸೆಶನ್ಸ್ ನ್ಯಾಯಾಲಯ ಮೂವರನ್ನೂ ಖುಲಾಸೆ ಮಾಡಿತು. ತೀರ್ಪಿನ ಸರಿ ತಪ್ಪು ಮೇಲಿನ ಕೋರ್ಟಿನ ಮಾತು. ಮನೆಯವರ ಪಾಲಿಗೆ ಏಳು ವರ್ಷ ಎಂದರೆ ಒಂದನೇ ಕ್ಲಾಸಿನ ಮಗು ಎಂಟಕ್ಕೆ ಬರುವಷ್ಟು ಕಾಲ. ಖುಲಾಸೆಯಾದರೆ ಸರಕಾರ ಮೇಲ್ಮನವಿ ಹಾಕಲೆಂದು ಕಾದು ಕೂರಬೇಕಿಲ್ಲ, ಸಂತ್ರಸ್ತರ ವಾರಸುದಾರರೂ ಸ್ವತಃ ಮೇಲ್ಮನವಿ ಹೋಗಬಹುದು.

ಕಾಗದಗಳ ವಿಷಯಕ್ಕೆ ಬಂದರೆ, ಗಡಿಯ ಊರಿನ ಗೋಳು ಬೇರೆಯೇ. ಉಪ್ಪಳದಲ್ಲಿ ಕಡಿತ ತಿಂದವನನ್ನು ಕಾಸರಗೋಡಿಗಿಂತ ಮೊದಲು ಮಂಗಳೂರಿಗೇ ಒಯ್ಯುತ್ತಾರೆ. ಅಲ್ಲಿ ಜೀವ ಹೋದರೆ ಸಾವಿನ ನೋಂದಣಿ ಆಗುವುದು ಸತ್ತ ಜಾಗದಲ್ಲಿ, ಅಂದರೆ ಕರ್ನಾಟಕದಲ್ಲಿ. ಕೇಸು ಕೇರಳದ ಠಾಣೆಯಲ್ಲಿ, ಮರಣ ಪತ್ರ ಮಂಗಳೂರಿನದ್ದು, ರೇಷನ್ ಕಾರ್ಡು ಮಲಯಾಳದಲ್ಲಿ, ಶಾಲೆಯ ದಾಖಲೆ ಕನ್ನಡದಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಒಬ್ಬನೇ ಮನುಷ್ಯನ ಹೆಸರು ನಾಲ್ಕು ಕಡೆ ನಾಲ್ಕು ಥರ: ಒಂದರಲ್ಲಿ ಮನೆ ಹೆಸರು ಮುಂದೆ, ಒಂದರಲ್ಲಿ ಹಿಂದೆ, ಒಂದರಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ. ವಾರಸು ಸರ್ಟಿಫಿಕೇಟಿಗೆ ಅರ್ಜಿ ಕೊಟ್ಟರೆ ವಿಲ್ಲೇಜ್ ಆಫೀಸಿನವರು ವಿಚಾರಿಸಿ, ತಾಲೂಕಿಗೆ ಹೋಗಿ, ಗೆಜೆಟ್ಟಿನಲ್ಲಿ ಪ್ರಕಟವಾಗಿ, ಆಕ್ಷೇಪಕ್ಕೆ ಸಮಯ ಕೊಟ್ಟು ಆಮೇಲೆ ತಹಶೀಲ್ದಾರರ ಸಹಿ. ಹೆಸರು ಹೊಂದದಿದ್ದರೆ 'ಇಬ್ಬರೂ ಒಬ್ಬನೇ' ಎಂಬ ಇನ್ನೊಂದು ಸರ್ಟಿಫಿಕೇಟಿಗೆ ಮೊದಲಿನಿಂದ ಓಡಬೇಕು. ಮಂಗಳೂರಿನಿಂದ ಮರಣ ಪತ್ರ ತರುವಾಗಲೇ ಹೆಸರನ್ನು ಆಧಾರಿನಂತೆ ಬರೆಸಿಕೊಂಡರೆ ಅರ್ಧ ಓಡಾಟ ತಪ್ಪುತ್ತದೆ. ಕೊಲೆ ನಡೆದದ್ದೇ ಕರ್ನಾಟಕದಲ್ಲಾದರೆ ಪರಿಹಾರದ ಅರ್ಜಿಯೂ ಅಲ್ಲಿಯ ಪ್ರಾಧಿಕಾರಕ್ಕೆ, ವಿದ್ಯಾನಗರಕ್ಕಲ್ಲ.

ಇಷ್ಟೆಲ್ಲದರ ನಡುವೆ ಯಾರ ಶಿಫಾರಸೂ ಬೇಡದ, ಮೊದಲು ಕೈಗೆ ಬರಬಹುದಾದ ಹಣ ಗಂಡನ ಪಾಸ್‌ಬುಕ್ಕಿನಲ್ಲಿ ಅಡಗಿರುತ್ತದೆ. ಮೇ ಕೊನೆ, ಜೂನ್ ಮೊದಲಿನ ಸಾಲುಗಳನ್ನು ಬೆರಳಿಟ್ಟು ನೋಡಬೇಕು. 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ಕಡಿತವಾಗಿದ್ದರೆ ಜೀವನ ಜ್ಯೋತಿ. ಖಾತೆ ತೆರೆಯುವಾಗ ಬ್ಯಾಂಕಿನವರು ಹೇಳಿದಲ್ಲೆಲ್ಲ ಸಹಿ ಹಾಕಿ ಬಂದವನಿಗೆ ಅದು ನೆನಪಿರುವುದಿಲ್ಲ, ಹೆಂಡತಿಗೆ ಗೊತ್ತೇ ಇರುವುದಿಲ್ಲ. ಎರಡೂ ತಲಾ 2 ಲಕ್ಷ. ಸುರಕ್ಷಾ ಬಿಮಾ ಅಪಘಾತಕ್ಕೆ ಮಾತ್ರ ಎಂದು ಕೌಂಟರಿನಲ್ಲಿ ಹೇಳಿ ಕಳಿಸಿಯಾರು, ಒಪ್ಪಬಾರದು: ಆತ್ಮಹತ್ಯೆಗೆ ಅದು ಇಲ್ಲ, ಕೊಲೆಗೆ ಇದೆ. ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ ಬೇಕು. ಅರ್ಜಿಯನ್ನು ಆದಷ್ಟೂ 30 ದಿನದೊಳಗೆ ಕೊಡಬೇಕೆನ್ನುತ್ತದೆ ನಿಯಮ. ಆ ಮೂವತ್ತು ದಿನ ಯಾವುವು? ಹಿಂದೂ ಮನೆಯಲ್ಲಿ ಸೂತಕ, ಬೊಜ್ಜ (ಉತ್ತರಕ್ರಿಯೆ) ಮುಗಿದು ನೆಂಟರು ಚದುರುವ ಹೊತ್ತು. ಮುಸ್ಲಿಂ ಮನೆಯಲ್ಲಿ ಹೆಂಗಸು 'ಇದ್ದಾ' ಕೂತಿರುತ್ತಾಳೆ, ಗಂಡ ಸತ್ತ ಮೇಲೆ ಮನೆಯೊಳಗೇ ಇರುವ ಕಾಲ ಅದು, ನಾಲ್ಕು ತಿಂಗಳು ಹತ್ತು ದಿನ. ಎರಡೂ ಕಡೆ ಅವಳು ಹೊಸ್ತಿಲು ದಾಟದ ಕಾಲದಲ್ಲೇ ಅವಳ ಗಡುವು ಓಡುತ್ತಿರುತ್ತದೆ.

ಸಾಲದ ಕಡೆಯೂ ಒಂದು ಮಾತು. ಸೊಸೈಟಿಯಲ್ಲಿ ಸಾಲವಿದ್ದರೆ ಸಾಲಗಾರ ಸತ್ತಾಗ ನೆರವಿಗೆ ಬರುವ ರಿಸ್ಕ್ ಫಂಡ್ ಯೋಜನೆ ಕೇರಳದ ಸಹಕಾರಿ ಬ್ಯಾಂಕುಗಳಲ್ಲಿದೆ. ಜಪ್ತಿ ನೋಟಿಸು ಬಂದ ಮೇಲೆ ಕೇಳುವುದಲ್ಲ, ಮೊದಲೇ ಕೇಳಬೇಕು. ಕಟ್ಟಡ ಕಾರ್ಮಿಕರ ಕ್ಷೇಮನಿಧಿಗೆ ಕಂತು ಕಟ್ಟಿದವನಾದರೆ ಅಲ್ಲೂ ಮರಣ ಸಹಾಯವಿದೆ.

ರೇಷನ್ ಕಾರ್ಡು ಇನ್ನೊಂದು ಬಲೆ. ಕೇರಳದಲ್ಲಿ ಸಾವಿರ ಚದರಡಿಗಿಂತ ದೊಡ್ಡ ಮನೆಯಿದ್ದರೆ ಬಡವರ ಗುಲಾಬಿ ಕಾರ್ಡಿಲ್ಲ. ಗಲ್ಫಿನಲ್ಲಿ ನಾಲ್ಕು ವರ್ಷ ದುಡಿದು, ಸಾಲ ಮಾಡಿ, ಸಾರಣೆಯೂ ಆಗದ 1,200 ಚದರಡಿಯ ಮನೆ ಎಬ್ಬಿಸಿದವರು ಮಂಜೇಶ್ವರದ ಕಡೆ ಓಣಿಗೊಬ್ಬರು ಸಿಗುತ್ತಾರೆ. ದುಡಿಯುವವನು ಸತ್ತ ಮರುದಿನ ಆ ಮನೆ ಕಡುಬಡವರದ್ದು, ಕಾರ್ಡು ಮಾತ್ರ ಬಿಳಿ. ಅಕ್ಕಿ ಒಂದೇ ಅಲ್ಲ, ಬಡವರೆಂದು ತೋರಿಸಬೇಕಾದ ಎಲ್ಲ ಕಡೆ ಆ ಬಣ್ಣ ಅಡ್ಡ ಬರುತ್ತದೆ. ವಿಧವಾ ಪಿಂಚಣಿಗೆ ವರ್ಷದ ಆದಾಯ ಲಕ್ಷ ಮೀರಬಾರದು. 1,600 ಇದ್ದದ್ದು 2025ರ ನವೆಂಬರ್‌ನಿಂದ 2,000 ಆಗಿದೆ. ಅಪ್ಪನಿಲ್ಲದ, ಓದುತ್ತಿರುವ ಮಕ್ಕಳಿಗೆ ರಾಜ್ಯದ ಸ್ನೇಹಪೂರ್ವಂ ಯೋಜನೆ ಇದೆ, ಕ್ಲಾಸಿಗೆ ತಕ್ಕಂತೆ ತಿಂಗಳಿಗೆ 300ರಿಂದ 1,000 ರೂಪಾಯಿ, ಅರ್ಜಿ ಹೆಡ್‌ಮಾಸ್ಟರ ಮೂಲಕ. ಅದಕ್ಕಿಂತ ದೊಡ್ಡದು ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ: ಒಂದು ಮಗುವಿಗೆ ತಿಂಗಳಿಗೆ 4,000, ಹಳ್ಳಿಯಲ್ಲಿ ವಾರ್ಷಿಕ ಆದಾಯ 72,000ದೊಳಗಿರಬೇಕು. ಇದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು. ಇಬ್ಬರು ಮಕ್ಕಳಿಗೆ ಸಿಕ್ಕರೆ 5 ಲಕ್ಷದ ಬಡ್ಡಿಯ ಮೂರು ಪಾಲು ಆಯಿತು.

ಇನ್ನು ಎಲ್ಲರೂ ಬಲ್ಲ, ಯಾರೂ ಬಾಯಿ ಬಿಡದ ಹಣ. ಕುಟುಂಬ ಸಹಾಯ ನಿಧಿ. ಪಕ್ಷವೋ ಸಂಘಟನೆಯೋ ಬಕೆಟ್ ಹಿಡಿದು ಪೇಟೆಯಲ್ಲಿ ಎತ್ತುತ್ತದೆ, ದುಬೈಯಿಂದ ಬರುತ್ತದೆ, ಮನೆ ಕಟ್ಟಿಸಿ ಕೀಲಿಕೈ ಕೊಡುತ್ತಾರೆ. ಅದನ್ನು ಹಗುರವಾಗಿ ಕಾಣಬೇಡಿ. ಸರಕಾರದ ಕಡತ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅಕ್ಕಿ, ಆಸ್ಪತ್ರೆ ಬಿಲ್ಲು, ವಕೀಲರ ಫೀಸು ಕೊಟ್ಟವರು ಅವರೇ ಆಗಿರುತ್ತಾರೆ. ಆದರೆ ಅದು ಪುಕ್ಕಟೆಯಲ್ಲ. ಪ್ರತಿ ವರ್ಷ ಆ ದಿನಕ್ಕೆ ಸತ್ತವನ ಫ್ಲೆಕ್ಸು ಏಳುತ್ತದೆ, ಅವನ ಮಗ ವೇದಿಕೆಯ ಮೇಲೆ ಮುಂದಿನ ಸಾಲಿನಲ್ಲಿ ಕೂರಬೇಕು. ಅಮ್ಮ ಮತ್ತೆ ಮದುವೆಯಾಗುವ ಮಾತೆತ್ತಿದರೆ, ಇನ್ನೊಂದು ಮತದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರೆ, ಕೇಸಿನಲ್ಲಿ ತನಗೆ ಕಂಡದ್ದನ್ನಷ್ಟೇ ಹೇಳುತ್ತೇನೆಂದರೆ ಹಣ ಕೊಟ್ಟವರ ಮುಖ ಬದಲಾಗುತ್ತದೆ. ಸರಕಾರ ಹಕ್ಕಿನಿಂದ ಕೊಡಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಈ ಋಣ ಬೀಳುತ್ತಿರಲಿಲ್ಲ. ದ್ವೇಷ ಮುಂದಿನ ತಲೆಮಾರಿಗೆ ದಾಟುವ ಒಂದು ದಾರಿ ಇದು ಎಂದೇ ನನ್ನ ಎಣಿಕೆ.

ಆ ಊರೇ ಬೇಡ, ತವರಿಗೆ ಹೋಗುತ್ತೇನೆ ಎಂದು ಹೆಂಗಸು ಹೊರಟರೆ ಜಾಗದ ಪ್ರಶ್ನೆ ಏಳುತ್ತದೆ. ಹತ್ತು ಸೆಂಟ್ಸ್ ಜಾಗ ಗಂಡನ ಹೆಸರಿನಲ್ಲಿದ್ದರೆ ಹಿಂದೂ ಉತ್ತರಾಧಿಕಾರದಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ ನಾಲ್ವರಿಗೂ ಸಮಪಾಲು. ಮುಸ್ಲಿಂ ಮನೆಯಲ್ಲಿ ಹೆಂಡತಿಗೆ ಎಂಟರಲ್ಲೊಂದು, ತಾಯಿಗೆ ಆರರಲ್ಲೊಂದು, ಉಳಿದದ್ದು ಮಕ್ಕಳಿಗೆ. ಬ್ಯಾಂಕಿನಲ್ಲಿ ನಾಮಿನಿ ಎಂದು ಹೆಸರಿದ್ದವರು ಹಣದ ಒಡೆಯರಲ್ಲ, ತಂದು ಹಂಚಬೇಕಾದವರು. ಇದು ತಿಳಿಯದೆ ಅತ್ತೆ ಸೊಸೆ ಮಾತು ಬಿಟ್ಟ ಮನೆಗಳಿವೆ. ಮಕ್ಕಳ ಪಾಲನ್ನು ಮಾರಲು ಹಿಂದೂ ತಾಯಿಗೂ ಕೋರ್ಟಿನ ಅನುಮತಿ ಬೇಕು. ಮುಸ್ಲಿಂ ತಾಯಿ ಆಸ್ತಿಯ ಮಟ್ಟಿಗೆ ಸಹಜ ಪಾಲಕಿಯೇ ಅಲ್ಲ, 1890ರ ಕಾಯ್ದೆಯಂತೆ ಕೋರ್ಟಿನಿಂದ ಪಾಲಕಿಯೆಂದು ನೇಮಕವಾಗಬೇಕು. ಅನುಮತಿಯಿಲ್ಲದೆ ಅವಸರದಲ್ಲಿ ಅರ್ಧ ಬೆಲೆಗೆ ಬರೆದುಕೊಟ್ಟದ್ದನ್ನು ಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಪ್ರಶ್ನಿಸಬಹುದು.

ನೆರೆಕರೆಯವರು ಮಾಡಬಹುದಾದದ್ದು ಈ ಓಡಾಟದ ಪಾಲು. ಮಲಯಾಳ ಓದಬಲ್ಲ ಒಬ್ಬರು ಠಾಣೆಗೆ ಜೊತೆ ಹೋಗಬಹುದು, ಇನ್ನೊಬ್ಬರು ಮಂಗಳೂರಿಗೆ ಹೋಗಿ ಮರಣ ಪತ್ರ ತರಬಹುದು, ವಾರ್ಡ್ ಮೆಂಬರು ಬ್ಯಾಂಕಿನ ಫಾರ್ಮು ಮನೆಗೇ ತಂದು ಸಹಿ ಹಾಕಿಸಿಕೊಳ್ಳಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಂತೆ ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಅರ್ಜಿ ಕೊಟ್ಟದ್ದಕ್ಕೆ ತಾರೀಕು ಹಾಕಿದ ರಶೀದಿ ಕೇಳಿ ಇಟ್ಟುಕೊಳ್ಳಿ.